ಕಾಲ ಮತ್ತು ಸಮಾನಾಧಿಕರಣ: ಮಂಡ್ಯ ಸೀಮೆಯ ಕನ್ನಡ ವಿದ್ಯಾರ್ಥಿ ಹಾಗೂ ಇಂಗ್ಲಿಷ್ ವ್ಯಾಕರಣ – ಒಂದು ಚಾರಿತ್ರಿಕ ಪರಿಶೀಲನೆ

1. ಪೀಠಿಕೆ

ಕರ್ನಾಟಕದಲ್ಲಿ ಇಂಗ್ಲಿಷ್ ಶಿಕ್ಷಣದ ಇತಿಹಾಸವನ್ನು ಕುರಿತು ನಡೆದಿರುವ ಚರ್ಚೆಗಳು ಬಹುಮಟ್ಟಿಗೆ ಮಾಧ್ಯಮದ ಪ್ರಶ್ನೆಯನ್ನು ಕೇಂದ್ರವಾಗಿ ಇಟ್ಟುಕೊಂಡಿವೆ. ಯಾವ ತರಗತಿಯಿಂದ ಇಂಗ್ಲಿಷನ್ನು ಕಲಿಸಬೇಕು, ಯಾವ ಭಾಷೆಯಲ್ಲಿ ಇತರ ವಿಷಯಗಳನ್ನು ಬೋಧಿಸಬೇಕು ಎಂಬ ಪ್ರಶ್ನೆಗಳು ಶಾಸನಸಭೆಗಳಲ್ಲಿ, ನ್ಯಾಯಾಲಯಗಳಲ್ಲಿ, ಬೀದಿಗಳಲ್ಲಿ ಚರ್ಚಿತವಾಗಿವೆ. ಆದರೆ ತರಗತಿಯ ಒಳಗೆ ಕನ್ನಡದ ಮಗುವಿಗೆ ಇಂಗ್ಲಿಷಿನ ವಾಕ್ಯವನ್ನು ಯಾವ ವ್ಯಾಕರಣದ ಮೂಲಕ ಪರಿಚಯಿಸಲಾಯಿತು, ಆ ವ್ಯಾಕರಣ ಯಾರಿಗಾಗಿ ರಚಿತವಾಗಿತ್ತು, ಅದಕ್ಕೂ ಕನ್ನಡದ ವ್ಯಾಕರಣ ಪರಂಪರೆಗೂ ಏನಾದರೂ ಸಂಬಂಧ ಏರ್ಪಟ್ಟಿತೇ ಎಂಬ ಪ್ರಶ್ನೆಗಳಿಗೆ ದೊರೆಯಬೇಕಾದಷ್ಟು ಗಮನ ದೊರೆತಿಲ್ಲ.

ಪ್ರಸ್ತುತ ಲೇಖನವು ಈ ವಿಸ್ತಾರವಾದ ವಿಷಯದ ಎರಡು ಅಂಶಗಳನ್ನು ಮಾತ್ರ ಆಯ್ದುಕೊಳ್ಳುತ್ತದೆ. ಒಂದು, ಕ್ರಿಯಾಪದದ ಕಾಲವ್ಯವಸ್ಥೆ. ಇನ್ನೊಂದು, ಒಂದು ನಾಮಪದದ ಪಕ್ಕದಲ್ಲಿ ಅದೇ ವ್ಯಕ್ತಿಯನ್ನೋ ವಸ್ತುವನ್ನೋ ಸೂಚಿಸುವ ಮತ್ತೊಂದು ನಾಮಪದವನ್ನು ಇರಿಸುವ ರಚನೆ. ಇಂಗ್ಲಿಷ್ ವ್ಯಾಕರಣದಲ್ಲಿ ‘ಅಪೊಸಿಷನ್’ ಎಂದು ಕರೆಯಲಾಗುವ ಈ ಎರಡನೆಯದಕ್ಕೆ ಭಾರತೀಯ ವ್ಯಾಕರಣ ಪರಂಪರೆಯಲ್ಲಿ ‘ಸಮಾನಾಧಿಕರಣ’ ಎಂಬ ಹೆಸರು ಬಹಳ ಹಿಂದಿನಿಂದ ಇದೆ. ಮೊದಲನೆಯದು ಪ್ರೌಢಶಾಲೆಯ ವಿದ್ಯಾರ್ಥಿ ಅತಿ ಹೆಚ್ಚು ಕಂಠಪಾಠ ಮಾಡುವ ಭಾಗ. ಎರಡನೆಯದು ಅವನು ಹೆಸರನ್ನೂ ತಿಳಿಯದೆ ದಿನವೂ ಬಳಸುವ ಭಾಗ. ಈ ಎರಡರಲ್ಲೂ ಕನ್ನಡ ಮತ್ತು ಇಂಗ್ಲಿಷುಗಳು ಹತ್ತಿರ ಬಂದು ಬೇರೆಯಾಗುತ್ತವೆ. ಆದುದರಿಂದಲೇ ಬೋಧನೆಯ ಚರಿತ್ರೆಯನ್ನು ಪರಿಶೀಲಿಸಲು ಇವು ಒಳ್ಳೆಯ ಒರೆಗಲ್ಲುಗಳಾಗಿವೆ.

ಪರಿಶೀಲನೆಯ ಭೌಗೋಳಿಕ ನೆಲೆಯಾಗಿ ಮಂಡ್ಯ ಸೀಮೆಯನ್ನು, ವಿಶೇಷವಾಗಿ ಮದ್ದೂರು ಮತ್ತು ಮಂಡ್ಯ ಪಟ್ಟಣಗಳ ನಡುವೆ ಇರುವ ಗೆಜ್ಜಲಗೆರೆಯಂತಹ ಗ್ರಾಮಗಳ ಪರಿಸರವನ್ನು ಮನಸ್ಸಿನಲ್ಲಿ ಇರಿಸಿಕೊಳ್ಳಲಾಗಿದೆ. ಇದಕ್ಕೆ ಕಾರಣವಿದೆ. ಗೆಜ್ಜಲಗೆರೆ ಬೇಸಾಯದ ಊರು. ಜಿಲ್ಲಾ ಹಾಲು ಒಕ್ಕೂಟದ ಡೇರಿ ಇರುವುದು ಇಲ್ಲಿ. ಕೈಗಾರಿಕಾ ಪ್ರದೇಶವೂ ಇಲ್ಲಿದೆ. ಬೆಂಗಳೂರು–ಮೈಸೂರು ನೂತನ ಹೆದ್ದಾರಿಯ ಉದ್ಘಾಟನಾ ಸಮಾರಂಭ 2023ರ ಮಾರ್ಚ್ 12ರಂದು ನಡೆದದ್ದೂ ಇಲ್ಲಿಯೇ. ಹೀಗೆ ಒಂದು ಕಡೆ ಗದ್ದೆ, ಇನ್ನೊಂದು ಕಡೆ ಇಂಗ್ಲಿಷಿನಲ್ಲಿ ವ್ಯವಹರಿಸುವ ಕಾರ್ಖಾನೆ ಮತ್ತು ನಗರ. ಇವೆರಡರ ನಡುವೆ ಬೆಳೆಯುವ ಮಗುವಿಗೆ ಇಂಗ್ಲಿಷ್ ವ್ಯಾಕರಣವೆಂಬುದು ಕೇವಲ ಪಠ್ಯವಿಷಯವಲ್ಲ, ಹೊಸ್ತಿಲು. ಆ ಹೊಸ್ತಿಲನ್ನು ಯಾರು, ಯಾವಾಗ, ಯಾವ ಎತ್ತರಕ್ಕೆ ಕಟ್ಟಿದರು ಎಂಬುದು ಚರಿತ್ರೆಯ ಪ್ರಶ್ನೆಯೇ ಆಗಿದೆ.

2. ಕನ್ನಡ ವ್ಯಾಕರಣಗಳಲ್ಲಿ ಕಾಲವಿಚಾರ

ಇಂಗ್ಲಿಷ್ ವ್ಯಾಕರಣ ಕರ್ನಾಟಕವನ್ನು ಪ್ರವೇಶಿಸುವ ವೇಳೆಗೆ ಇಲ್ಲಿ ವ್ಯಾಕರಣ ಚಿಂತನೆ ಶತಮಾನಗಳಷ್ಟು ಹಳೆಯದಾಗಿತ್ತು. ಎರಡನೆಯ ನಾಗವರ್ಮನ ‘ಕರ್ಣಾಟಕ ಭಾಷಾಭೂಷಣ’, ಸುಮಾರು 1260ರ ಕೇಶಿರಾಜನ ‘ಶಬ್ದಮಣಿದರ್ಪಣ’, 1604ರಲ್ಲಿ ಭಟ್ಟಾಕಳಂಕದೇವನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದ ‘ಶಬ್ದಾನುಶಾಸನ’ – ಈ ಮೂರೂ ಕೃತಿಗಳು ಕ್ರಿಯಾಪದದ ಕಾಲವನ್ನು ವಿವರಿಸುತ್ತವೆ. ಕೇಶಿರಾಜನು ಆಖ್ಯಾತ ಪ್ರಕರಣದಲ್ಲಿ ಭೂತ, ಭವಿಷ್ಯತ್, ವರ್ತಮಾನಗಳನ್ನು ಬೇರೆಬೇರೆ ಪ್ರತ್ಯಯಗಳ ಮೂಲಕ ಗುರುತಿಸುತ್ತಾನೆ. ಭೂತಕ್ಕೆ ದಕಾರ, ಭವಿಷ್ಯತ್ತಿಗೆ ವಕಾರ ಮೊದಲಾದವು, ವರ್ತಮಾನಕ್ಕೆ ‘ದಪ’ ಎಂಬ ಪ್ರತ್ಯಯ – ಇದು ಹಳಗನ್ನಡದ ವ್ಯವಸ್ಥೆ. ‘ಮಾಡಿದಂ’, ‘ಮಾಡುವಂ’, ‘ಮಾಡಿದಪಂ’ ಎಂಬ ರೂಪಗಳು ಇದರ ನಿದರ್ಶನಗಳು.

ಈ ವ್ಯವಸ್ಥೆ ಕಾಲಕ್ರಮದಲ್ಲಿ ಬದಲಾಯಿತು. ‘ದಪ’ ಪ್ರತ್ಯಯದ ವರ್ತಮಾನ ರೂಪ ಮರೆಯಾಗಿ ‘ಮಾಡುತ್ತ’ ಎಂಬ ಕೃದಂತದ ಮೇಲೆ ಕಟ್ಟಿದ ‘ಮಾಡುತ್ತಾನೆ’ ಎಂಬ ರೂಪ ಅದರ ಸ್ಥಾನಕ್ಕೆ ಬಂದಿತು. ಭವಿಷ್ಯತ್ತಿನ ‘ಮಾಡುವನು’ ಎಂಬ ರೂಪ ಬರಹದಲ್ಲಿ ಉಳಿದುಕೊಂಡರೂ ಮಂಡ್ಯ–ಮೈಸೂರು ಸೀಮೆಯ ಆಡುಮಾತಿನಲ್ಲಿ ವಿರಳವಾಯಿತು. ಇಂದು ಈ ಭಾಗದ ರೈತನೊಬ್ಬ ‘ನಾಳೆ ನೀರು ಬಿಡುತ್ತಾರೆ’ ಎನ್ನುತ್ತಾನೆ. ‘ದಿನಾ ನೀರು ಬಿಡುತ್ತಾರೆ’ ಎಂದೂ ಅನ್ನುತ್ತಾನೆ. ಕ್ರಿಯಾಪದ ಒಂದೇ, ಕಾಲವನ್ನು ಬೇರ್ಪಡಿಸುವುದು ‘ನಾಳೆ’, ‘ದಿನಾ’ ಎಂಬ ಅವ್ಯಯಗಳು. ಹಾಗಿದ್ದರೂ ಶಾಲೆಯ ವ್ಯಾಕರಣ ಪುಸ್ತಕಗಳು ಮೂರು ಕಾಲಗಳ ಪಟ್ಟಿಯನ್ನೇ ಮುಂದುವರಿಸಿಕೊಂಡು ಬಂದವು.

ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಕೃತಿಯಲ್ಲಿ ಎತ್ತಿದ ಮೂಲಭೂತ ಆಕ್ಷೇಪ ಇಂತಹ ಸ್ಥಿತಿಯನ್ನೇ ಕುರಿತದ್ದು: ಕನ್ನಡದ ನುಡಿಯನ್ನು ನೋಡಿ ನಿಯಮವನ್ನು ಕಾಣುವ ಬದಲು, ಬೇರೊಂದು ಭಾಷೆಯ ವ್ಯಾಕರಣದ ಚೌಕಟ್ಟಿನಲ್ಲಿ ಕನ್ನಡವನ್ನು ತುಂಬಲಾಗಿದೆ. 1999ರಲ್ಲಿ ಹೊರಬಂದ ಅವರ ಇಂಗ್ಲಿಷ್ ಗ್ರಂಥವೊಂದು ಜಗತ್ತಿನ ಭಾಷೆಗಳನ್ನು ಕಾಲಪ್ರಧಾನ, ಸ್ಥಿತಿಪ್ರಧಾನ, ಭಾವಪ್ರಧಾನ ಎಂದು ವಿಂಗಡಿಸುವ ಪ್ರಸ್ತಾವವನ್ನು ಮುಂದಿಟ್ಟು, ಕನ್ನಡವನ್ನು ಕಾಲಪ್ರಧಾನ ಭಾಷೆಯೆಂದು ಪರಿಗಣಿಸಿತು. ಕಾಲಭೇದವನ್ನು ಕ್ರಿಯಾಪದದಲ್ಲಿಯೇ ಸ್ಪಷ್ಟವಾಗಿ ತೋರಿಸುವ ಭಾಷೆಯನ್ನಾಡುವ ಮಗು ಇಂಗ್ಲಿಷಿನ ಕಾಲಗಳ ಮುಂದೆ ತಬ್ಬಿಬ್ಬಾಗುತ್ತದೆ ಎಂದರೆ, ಕೊರತೆ ಮಗುವಿನ ಭಾಷೆಯಲ್ಲಿಲ್ಲ ಎಂಬ ತೀರ್ಮಾನಕ್ಕೆ ಈ ಪ್ರಸ್ತಾವ ದಾರಿ ಮಾಡಿಕೊಡುತ್ತದೆ.

3. ಸಮಾನಾಧಿಕರಣ: ಶಾಸನಗಳಿಂದ ಮುದ್ರಣದವರೆಗೆ

ಸಮಾನಾಧಿಕರಣ ಎಂಬುದು ಪಾಣಿನೀಯ ಪರಂಪರೆಯ ಪದ. ಸಮಾನಾಧಿಕರಣವಾದ ತತ್ಪುರುಷವೇ ಕರ್ಮಧಾರಯ ಎಂಬ ಅದರ ಲಕ್ಷಣವನ್ನು ಕನ್ನಡ ವಿದ್ಯಾರ್ಥಿ ಸಮಾಸ ಪ್ರಕರಣದಲ್ಲಿ ಇಂದಿಗೂ ಪರೋಕ್ಷವಾಗಿ ಕಲಿಯುತ್ತಾನೆ. ಎರಡು ಪದಗಳು ಒಂದೇ ಅರ್ಥವನ್ನು ಆಶ್ರಯಿಸಿರುವುದು ಇದರ ತಿರುಳು. ಸಂಸ್ಕೃತ ವಾಕ್ಯದಲ್ಲಿ ಹೀಗೆ ಬರುವ ಎರಡು ನಾಮಪದಗಳೂ ಒಂದೇ ವಿಭಕ್ತಿಯನ್ನು ಧರಿಸಬೇಕು.

ಕನ್ನಡದಲ್ಲಿ ಈ ರಚನೆ ಎಷ್ಟು ಹಳೆಯದು ಎಂಬುದಕ್ಕೆ ಸಾಕ್ಷಿಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ವೀರಗಲ್ಲು, ಶಕವರ್ಷ 872ರ ಉಲ್ಲೇಖವುಳ್ಳ ಹತ್ತನೆಯ ಶತಮಾನದ ಮಧ್ಯಭಾಗದ ಶಾಸನ. ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗ ಬೂತುಗ, ತಕ್ಕೋಲದ ಯುದ್ಧ, ವೀರನಾದ ಮಣಲೆರ, ಹಂದಿಯೊಡನೆ ಕಾದಿ ಮಡಿದ ಕಾಳಿ ಎಂಬ ನಾಯಿ – ಇವೆಲ್ಲವೂ ಆ ಒಂದು ಕಲ್ಲಿನಲ್ಲಿ ಬರುತ್ತವೆ. ಇತಿಹಾಸಕಾರರಿಗೆ ಪರಿಚಿತವಾದ ಈ ಶಾಸನವನ್ನು ವಾಕ್ಯರಚನೆಯ ದೃಷ್ಟಿಯಿಂದ ನೋಡಿದರೆ, ಅರಸನ ಬಿರುದುಗಳು ಒಂದರ ಹಿಂದೆ ಒಂದಾಗಿ ಬಂದು ಅವನ ಹೆಸರು ಅವುಗಳ ಬಳಿಕ ಬರುವುದನ್ನು ಗಮನಿಸಬಹುದು. ಶಾಸನ ಗದ್ಯದಲ್ಲಿ ಇದು ಸಾರ್ವತ್ರಿಕ ರೂಢಿ. ವಿಶೇಷವನ್ನು ಹೇಳುವ ಪದಗಳು ಮೊದಲು, ಹೆಸರು ಆಮೇಲೆ. ಹಳಗನ್ನಡದಲ್ಲಿ ಪ್ರಥಮಾ ವಿಭಕ್ತಿಯ ಬಿರುದುಗಳು ಪ್ರತಿಯೊಂದೂ ಬಿಂದುವನ್ನು ಧರಿಸಿ ಹೆಸರಿನೊಡನೆ ಹೊಂದಿಕೊಳ್ಳುವುದೂ ಉಂಟು.

ಹೊಸಗನ್ನಡದಲ್ಲಿ ಕ್ರಮ ಉಳಿಯಿತು, ಹೊಂದಾಣಿಕೆ ಸಡಿಲಾಯಿತು. ‘ನನ್ನ ತಮ್ಮ ರಾಮನಿಗೆ ಕೊಟ್ಟೆ’ ಎಂಬಲ್ಲಿ ಚತುರ್ಥೀ ಪ್ರತ್ಯಯ ಕೊನೆಯ ಪದಕ್ಕೆ ಮಾತ್ರ ಹತ್ತುತ್ತದೆ. ‘ತಮ್ಮನಿಗೆ ರಾಮನಿಗೆ’ ಎಂದು ಯಾರೂ ಹೇಳುವುದಿಲ್ಲ. ಇದರ ಜೊತೆಗೆ ಕನ್ನಡವು ಸಮಾನಾಧಿಕರಣ ಸಂಬಂಧವನ್ನು ಸ್ಪಷ್ಟಪಡಿಸಲು ಎರಡು ಸ್ವಂತ ಸಾಧನಗಳನ್ನು ಬೆಳೆಸಿಕೊಂಡಿದೆ. ಒಂದು, ‘ಆದ’ ಎಂಬ ಕೃದಂತ: ‘ಮೈಸೂರಿನ ಅರಸರಾದ ಮುಮ್ಮಡಿ ಕೃಷ್ಣರಾಜ ಒಡೆಯರು’. ಇನ್ನೊಂದು, ‘ಎಂಬ’ ಎಂಬ ಕೃದಂತ: ‘ಗೆಜ್ಜಲಗೆರೆ ಎಂಬ ಗ್ರಾಮ’. ಮೊದಲನೆಯದರಲ್ಲಿ ವಿಶೇಷಣ ಮುಂದೆ, ಹೆಸರು ಹಿಂದೆ. ಎರಡನೆಯದರಲ್ಲಿ ಹೆಸರು ಮುಂದೆ, ಜಾತಿವಾಚಕ ಹಿಂದೆ. ಎರಡರಲ್ಲೂ ಸಂಬಂಧವನ್ನು ಸೂಚಿಸುವುದು ಒಂದು ಪದ, ಚಿಹ್ನೆಯಲ್ಲ.

ಇಂಗ್ಲಿಷಿನ ಬರಹದಲ್ಲಿ ಈ ಸಂಬಂಧವನ್ನು ಬಹುಮಟ್ಟಿಗೆ ಸೂಚಿಸುವುದು ಅಲ್ಪವಿರಾಮ. ಹೆಸರು ಮೊದಲು ಬಂದು, ಅಲ್ಪವಿರಾಮದ ಬಳಿಕ ವಿವರಣೆ ಬಂದು, ಮತ್ತೊಂದು ಅಲ್ಪವಿರಾಮದಿಂದ ಮುಚ್ಚಿಕೊಳ್ಳುತ್ತದೆ. ‘ಮೈ ಬ್ರದರ್ ರಾಮ’ ಎಂದು ಬಿಡಿಸದೆ ಬರೆದರೆ ಹಲವು ಸೋದರರಲ್ಲಿ ರಾಮನೆಂಬವನು ಎಂಬ ಅರ್ಥ ಹೊರಡುತ್ತದೆ. ನಡುವೆ ಅಲ್ಪವಿರಾಮವಿದ್ದರೆ ಇರುವವನೊಬ್ಬನೇ ಸೋದರ, ಅವನ ಹೆಸರು ರಾಮ ಎಂಬ ಅರ್ಥ ಬರುತ್ತದೆ. ‘ನನ್ನ ತಮ್ಮ ರಾಮ’ ಎಂಬ ಕನ್ನಡದ ರಚನೆ ಈ ಭೇದವನ್ನು ತೋರಿಸುವುದಿಲ್ಲ, ಸಂದರ್ಭದಿಂದ ತಿಳಿಯಬೇಕು. ಓಲೆಗರಿಯ ಬರಹದಲ್ಲಿ ಅಲ್ಪವಿರಾಮವೇ ಇರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಆ ಚಿಹ್ನೆ ಕನ್ನಡ ಬರಹಕ್ಕೆ ಒಗ್ಗಿದ್ದು ಹತ್ತೊಂಬತ್ತನೆಯ ಶತಮಾನದ ಮುದ್ರಣದ ಕಾಲದಲ್ಲಿ. ಹೀಗಾಗಿ ಕನ್ನಡದ ವಿದ್ಯಾರ್ಥಿಗೆ ಅಲ್ಪವಿರಾಮವು ಉಸಿರು ತೆಗೆದುಕೊಳ್ಳುವ ತಾಣ. ಇಂಗ್ಲಿಷಿನಲ್ಲಿ ಅದು ಅರ್ಥವನ್ನು ಬದಲಿಸುವ ವ್ಯಾಕರಣಾಂಶ. ಈ ವ್ಯತ್ಯಾಸವನ್ನು ಹೇಳಿಕೊಡದಿದ್ದರೆ ಅದು ಎಂದಿಗೂ ತಾನಾಗಿ ತಿಳಿಯುವಂತಹುದಲ್ಲ.

4. ಒಮ್ಮುಖ ಸೇತುವೆ

ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡ ಮತ್ತು ಇಂಗ್ಲಿಷುಗಳ ನಡುವೆ ವ್ಯಾಕರಣದ ಸೇತುವೆಯೊಂದು ನಿರ್ಮಾಣವಾಯಿತು. ವಿಲಿಯಂ ಕೇರಿ 1817ರಲ್ಲಿ ಸೆರಾಂಪುರದಲ್ಲಿ ಕನ್ನಡ ವ್ಯಾಕರಣವನ್ನು ಪ್ರಕಟಿಸಿದನು. ಜಾನ್ ಮೆಕೆರೆಲ್ಲನ ವ್ಯಾಕರಣ 1820ರಲ್ಲಿ ಮದ್ರಾಸಿನಿಂದ ಹೊರಬಂದಿತು. ರೀವ್ ಸಿದ್ಧಪಡಿಸಿದ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿಯೂ, ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿಯೂ ಪ್ರಕಟವಾದವು. ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ 1859ರಲ್ಲಿ ಕನ್ನಡದ ಪ್ರಾಥಮಿಕ ವ್ಯಾಕರಣವನ್ನು ತಂದರು. ಫರ್ಡಿನೆಂಡ್ ಕಿಟ್ಟೆಲ್ 1872ರಲ್ಲಿ ಶಬ್ದಮಣಿದರ್ಪಣವನ್ನು ಸಂಪಾದಿಸಿದರು, 1894ರಲ್ಲಿ ನಿಘಂಟನ್ನು ಹೊರತಂದರು, 1903ರಲ್ಲಿ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣವನ್ನು ಪ್ರಕಟಿಸಿದರು. ಹೆರಾಲ್ಡ್ ಸ್ಪೆನ್ಸರನ ವ್ಯಾಕರಣ 1914ರಲ್ಲಿ ಮೈಸೂರಿನಲ್ಲಿ ಅಚ್ಚಾಯಿತು.

ಈ ಕೃತಿಗಳ ಸಾಲಿನಲ್ಲಿ ಮಂಡ್ಯ ಸೀಮೆಗೆ ಸೇರಿದ ಹೆಸರೊಂದಿದೆ. ಶ್ರೀರಂಗಪಟ್ಟಣದ ಕೃಷ್ಣಮಾಚಾರ್ಯರ ‘ಹೊಸಗನ್ನಡ ನುಡಿಗನ್ನಡಿ’ 1838ರಲ್ಲಿ ಮದ್ರಾಸಿನಲ್ಲಿ ಪ್ರಕಟವಾಯಿತು. ಹಳಗನ್ನಡದ ಲಕ್ಷಣವನ್ನು ಬಿಟ್ಟು, ಜನ ಆಡುವ ಮತ್ತು ಬರೆಯುವ ಹೊಸಗನ್ನಡಕ್ಕೆ ಕನ್ನಡದಲ್ಲಿಯೇ ವ್ಯಾಕರಣವನ್ನು ಬರೆದ ಮೊದಲಿಗರೆಂದು ಅವರಿಗೆ ಗೌರವ ಸಲ್ಲುತ್ತದೆ. ಕಂಪನಿಯ ಅಧಿಕಾರಿಗಳಿಗೆ ದೇಶಭಾಷೆಗಳನ್ನು ಕಲಿಸಲೆಂದು 1812ರಲ್ಲಿ ಎಫ್.ಡಬ್ಲ್ಯು. ಎಲ್ಲಿಸನ ನೇತೃತ್ವದಲ್ಲಿ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಸ್ಥಾಪಿತವಾದ ಬಳಿಕ, ಆ ನಗರ ದಕ್ಷಿಣ ಭಾರತೀಯ ಭಾಷೆಗಳ ವ್ಯಾಕರಣ ರಚನೆಯ ಕೇಂದ್ರವಾಗಿ ಬೆಳೆದಿತ್ತು. ಕೃಷ್ಣಮಾಚಾರ್ಯರ ಕೃತಿ ಹುಟ್ಟಿದ ವಾತಾವರಣ ಇದು.

ಈ ಎಲ್ಲ ಪ್ರಯತ್ನಗಳ ಮಹತ್ತ್ವವನ್ನು ಕಡಿಮೆಮಾಡದೆಯೇ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಯುರೋಪಿಯನ್ ವಿದ್ವಾಂಸರು ಕಟ್ಟಿದ ಸೇತುವೆಯ ಮೇಲೆ ಸಂಚಾರ ಒಂದೇ ದಿಕ್ಕಿನಲ್ಲಿತ್ತು. ಇಂಗ್ಲಿಷ್ ಬಲ್ಲವನು ಕನ್ನಡವನ್ನು ಕಲಿಯುವುದಕ್ಕೆ ಬೇಕಾದ ಎಲ್ಲವೂ ಆ ಗ್ರಂಥಗಳಲ್ಲಿತ್ತು: ಕನ್ನಡದ ಕಾಲರೂಪಗಳಿಗೆ ಇಂಗ್ಲಿಷಿನ ಸಮಾನ ರೂಪಗಳು, ವಾಕ್ಯದ ಪದಕ್ರಮದ ವಿವರಣೆ, ಕೃದಂತಗಳ ಬಳಕೆ. ಆದರೆ ಕನ್ನಡ ಬಲ್ಲ ಮಗು ಇಂಗ್ಲಿಷನ್ನು ಕಲಿಯಲು ಕುಳಿತಾಗ ಅದರ ಕೈಗೆ ಬಂದ ವ್ಯಾಕರಣ ಬೇರೆಯೇ ಆಗಿತ್ತು. ಅದರಲ್ಲಿ ಕನ್ನಡದ ಸುಳಿವಿರಲಿಲ್ಲ.

5. ಶಾಲೆಗೆ ಬಂದ ವ್ಯಾಕರಣ

ಮೈಸೂರು ಸಂಸ್ಥಾನದಲ್ಲಿ ಇಂಗ್ಲಿಷ್ ಶಿಕ್ಷಣಕ್ಕೆ ವ್ಯವಸ್ಥಿತ ಆರಂಭ ದೊರೆತದ್ದು 1833ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಸ್ಥಾಪಿಸಿದ ಉಚಿತ ಇಂಗ್ಲಿಷ್ ಶಾಲೆಯಿಂದ. ಮುಂದೆ ಮಹಾರಾಜ ಕಾಲೇಜಾಗಿ ಬೆಳೆದ ಸಂಸ್ಥೆಯ ಮೂಲ ಇದೇ. 1854ರ ವುಡ್ ವರದಿಯ ಬಳಿಕ 1857ರಲ್ಲಿ ಸಂಸ್ಥಾನದಲ್ಲಿ ಸಾರ್ವಜನಿಕ ಶಿಕ್ಷಣ ಇಲಾಖೆ ಏರ್ಪಟ್ಟು, ಜಾನ್ ಗ್ಯಾರೆಟ್ ಅದರ ಮೊದಲ ನಿರ್ದೇಶಕರಾದರು. ಬಿ.ಎಲ್. ರೈಸ್ ಅವರ ಹೋಬಳಿ ಶಾಲಾ ಯೋಜನೆ 1868ರಲ್ಲಿ ಬಂದಿತು. ಹೋಬಳಿ ಶಾಲೆಗಳು ಹಳ್ಳಿಗೆ ಕನ್ನಡದ ಓದು, ಬರಹ, ಲೆಕ್ಕಗಳನ್ನು ತಂದವು. ಇಂಗ್ಲಿಷ್ ಪಟ್ಟಣದ ಆಂಗ್ಲೋ–ವರ್ನಾಕ್ಯುಲರ್ ಶಾಲೆಗಳಲ್ಲಿ ಉಳಿಯಿತು. ಹಳ್ಳಿಯ ಹುಡುಗನಿಗೆ ಇಂಗ್ಲಿಷ್ ಎಂದರೆ ಊರು ಬಿಟ್ಟು ಪಟ್ಟಣಕ್ಕೆ ನಡೆಯುವುದು ಎಂದೇ ಅರ್ಥವಾಗಿತ್ತು. ಆಗ ಮೈಸೂರು ಜಿಲ್ಲೆಯ ಭಾಗವಾಗಿದ್ದ ಈ ಸೀಮೆ ಪ್ರತ್ಯೇಕ ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ.

ಆ ಕಾಲದ ಇಂಗ್ಲಿಷ್ ವ್ಯಾಕರಣ ಬೋಧನೆಯ ಮಾದರಿ ಲಿಂಡ್ಲಿ ಮರ‍್ರೆಯದು. 1795ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಅವನ ವ್ಯಾಕರಣ ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಇಂಗ್ಲಿಷ್ ಜಗತ್ತಿನ ಶಾಲೆಗಳನ್ನು ಆಳಿತು. ಲ್ಯಾಟಿನ್ ವ್ಯಾಕರಣದ ಅಚ್ಚಿನಲ್ಲಿ ಅದು ಕ್ರಿಯಾಪದಕ್ಕೆ ಆರು ಕಾಲಗಳನ್ನು ಹೇಳಿತು. ಇಂಗ್ಲಿಷನ್ನು ಮಾತೃಭಾಷೆಯಾಗಿ ಆಡುವ ಮಕ್ಕಳಿಗೆ ತಮ್ಮ ಭಾಷೆಯನ್ನು ‘ತಿದ್ದಿ’ ಬರೆಯಲು ಕಲಿಸುವುದು ಅದರ ಉದ್ದೇಶವಾಗಿತ್ತು. ಭಾಷೆಯನ್ನೇ ಅರಿಯದವನಿಗೆ ಅದನ್ನು ಕಲಿಸುವ ಉದ್ದೇಶ ಅದಕ್ಕಿರಲಿಲ್ಲ.

ಭಾರತೀಯ ವಿದ್ಯಾರ್ಥಿಗಳನ್ನು ಗಮನದಲ್ಲಿರಿಸಿಕೊಂಡ ವ್ಯಾಕರಣಮಾಲೆ 1890ರ ದಶಕದಲ್ಲಿ ಬಂದಿತು. ವಾಯವ್ಯ ಪ್ರಾಂತ ಮತ್ತು ಔಧ್‌ನಲ್ಲಿ ಶಿಕ್ಷಣ ನಿರ್ದೇಶಕನಾಗಿದ್ದ ಜೆ.ಸಿ. ನೆಸ್‌ಫೀಲ್ಡ್ ಇದರ ಕರ್ತೃ. ಮೂರು ಕಾಲಗಳು, ಪ್ರತಿಯೊಂದಕ್ಕೂ ನಾಲ್ಕು ರೂಪಗಳು, ಒಟ್ಟು ಹನ್ನೆರಡು ಮನೆಗಳ ಕೋಷ್ಟಕ – ಭಾರತದ ಶಾಲೆಗಳಲ್ಲಿ ಇಂದಿಗೂ ಗೋಡೆಯ ಮೇಲೆ ಕಾಣುವ ಈ ಕೋಷ್ಟಕವನ್ನು ಜನಪ್ರಿಯಗೊಳಿಸಿದವರಲ್ಲಿ ಅವನು ಪ್ರಮುಖ. 1930ರ ದಶಕದಲ್ಲಿ ಪಿ.ಸಿ. ರೆನ್ ಮತ್ತು ಎಚ್. ಮಾರ್ಟಿನ್ ಅವರ ಪ್ರೌಢಶಾಲಾ ವ್ಯಾಕರಣ ಮುಂಬಯಿಯಿಂದ ಹೊರಬಂದು ಅದೇ ಮಾರ್ಗವನ್ನು ಮುಂದುವರಿಸಿತು. ಮುಂಬಯಿ ಪ್ರಾಂತದ ಶಿಕ್ಷಣ ಸೇವೆಯಲ್ಲಿದ್ದ ರೆನ್, ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿಯ ಕರ್ತೃವಾಗಿ ಜಗತ್ತಿಗೆ ಪರಿಚಿತ; ಭಾರತದ ವಿದ್ಯಾರ್ಥಿಗೆ ವ್ಯಾಕರಣಕಾರನಾಗಿ. ಪರಿಷ್ಕೃತ ರೂಪದಲ್ಲಿ ಆ ಪುಸ್ತಕ ಇನ್ನೂ ಅಚ್ಚಾಗುತ್ತಿದೆ.

ಈ ಪುಸ್ತಕಗಳು ಇಡೀ ಭಾರತಕ್ಕೆ ಸಾಮಾನ್ಯವಾದವುಗಳು. ಬಂಗಾಳದ ವಿದ್ಯಾರ್ಥಿಗೂ ಮದ್ದೂರಿನ ವಿದ್ಯಾರ್ಥಿಗೂ ಒಂದೇ ನಿಯಮ, ಒಂದೇ ಅಭ್ಯಾಸ. ಕಾಲದ ಕೋಷ್ಟಕವನ್ನು ಅವು ಕೊಟ್ಟವು. ಕನ್ನಡದ ಯಾವ ರೂಪ ಯಾವ ಮನೆಗೆ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂಬುದನ್ನು ಹೇಳುವ ಹೊಣೆ ಅವುಗಳದಾಗಿರಲಿಲ್ಲ. ಸಮಾನಾಧಿಕರಣಕ್ಕೆ ಅವು ನೀಡಿದ ಮುಖ್ಯ ನಿಯಮ, ಪಕ್ಕದ ನಾಮಪದ ಮೊದಲನೆಯದರ ವಿಭಕ್ತಿಯಲ್ಲಿಯೇ ಇರುತ್ತದೆ ಎಂಬುದು. ನಾಮಪದಕ್ಕೆ ವಿಭಕ್ತಿ ಪ್ರತ್ಯಯಗಳೇ ಬಹುತೇಕ ಇಲ್ಲದ ಇಂಗ್ಲಿಷಿನಲ್ಲಿ ಈ ನಿಯಮ ಲ್ಯಾಟಿನ್ನಿನ ನೆರಳು. ಪ್ರತ್ಯಯಗಳಿದ್ದೂ ಕೊನೆಯ ಪದಕ್ಕೆ ಮಾತ್ರ ಹಚ್ಚುವ ಕನ್ನಡದವನಿಗೆ ಅದು ಅರ್ಥವಾಗದ ಮಾತು. ಅವನಿಗೆ ತಿಳಿಯಬೇಕಾಗಿದ್ದ ಪದಕ್ರಮ ಮತ್ತು ಅಲ್ಪವಿರಾಮಗಳು ಬೇರೊಂದು ಪ್ರಕರಣದಲ್ಲಿ, ಬೇರೊಂದು ಹೆಸರಿನಲ್ಲಿ ಉಳಿದವು.

6. ತಪ್ಪುಗಳ ವ್ಯಾಕರಣ

ಕನ್ನಡದ ವಿದ್ಯಾರ್ಥಿ ಇಂಗ್ಲಿಷಿನಲ್ಲಿ ಮಾಡುವ ತಪ್ಪುಗಳು ಅಡ್ಡಾದಿಡ್ಡಿಯಾದವುಗಳಲ್ಲ. ಅವುಗಳ ಹಿಂದೆ ಒಂದು ವ್ಯವಸ್ಥೆ ಇದೆ. ಆ ವ್ಯವಸ್ಥೆ ಕನ್ನಡದ್ದು. ಕೆಲವು ನಿದರ್ಶನಗಳನ್ನು ಪರಿಶೀಲಿಸಬಹುದು.

‘ನಿನ್ನೆ ಬಂದಿದ್ದೆ’ ಎಂಬುದು ಕನ್ನಡದಲ್ಲಿ ಸಹಜ. ‘ಬಂದು’, ‘ಇರು’ ಎಂಬೆರಡರ ಸೇರುವಿಕೆಯಿಂದ ಆದ ಈ ರೂಪವನ್ನು ವಿದ್ಯಾರ್ಥಿ ಅಕ್ಷರಶಃ ಇಂಗ್ಲಿಷಿಗೆ ತಂದು ‘ಐ ಹ್ಯಾಡ್ ಕಮ್ ಯೆಸ್ಟರ್‌ಡೇ’ ಎನ್ನುತ್ತಾನೆ. ಇಂಗ್ಲಿಷಿನಲ್ಲಿ ಆ ರೂಪಕ್ಕೆ ಮತ್ತೊಂದು ಭೂತಕಾಲದ ಘಟನೆಯ ಆಸರೆ ಬೇಕು. ಅದಕ್ಕಿಂತ ಮುಂಚೆ ನಡೆದದ್ದು ಎಂಬ ಹೋಲಿಕೆ ಬೇಕು. ಕನ್ನಡದ ‘ಇದ್ದೆ’ಗೆ ಆ ನಿರ್ಬಂಧವಿಲ್ಲ. ಬಂದು ಹೋದದ್ದು ಮುಗಿದ ಸಂಗತಿ ಎಂಬಷ್ಟನ್ನೇ ಅದು ಹೇಳಬಲ್ಲುದು.

‘ಹತ್ತು ವರ್ಷದಿಂದ ಇಲ್ಲಿದ್ದೇನೆ’ ಎಂಬಲ್ಲಿ ಕನ್ನಡ ವರ್ತಮಾನವನ್ನು ಬಳಸುತ್ತದೆ. ಇರುವುದು ಈಗಲೂ ನಡೆದಿದೆಯಲ್ಲವೆ? ಇಂಗ್ಲಿಷು ‘ಹ್ಯಾವ್ ಬೀನ್’ ಎಂದು ಹಿಂದಿನಿಂದ ಇಂದಿನವರೆಗಿನ ವ್ಯಾಪ್ತಿಯನ್ನು ಕ್ರಿಯಾಪದದಲ್ಲಿಯೇ ಹೇಳಬೇಕೆನ್ನುತ್ತದೆ. ‘ಗೊತ್ತು’, ‘ಬೇಕು’ ಎಂಬ ಕನ್ನಡದ ಪದಗಳಿಗೆ ಕಾಲಪ್ರತ್ಯಯಗಳೇ ಹತ್ತುವುದಿಲ್ಲ. ‘ಗೊತ್ತಿದೆ’ ಎಂದು ‘ಇರು’ವಿನ ಸಹಾಯ ಪಡೆದಾಗ ವಿದ್ಯಾರ್ಥಿಯ ಕಿವಿಗೆ ಅದು ‘ಬರುತ್ತಿದ್ದೇನೆ’ ಎಂಬುದರ ಸೋದರನಂತೆ ಕೇಳಿಸುತ್ತದೆ. ‘ಐ ಆಮ್ ನೋಯಿಂಗ್’ ಎಂಬ ವಾಕ್ಯದ ಹುಟ್ಟಿಗೆ ಇದೂ ಒಂದು ಕಾರಣವಾಗಿರಬೇಕು.

ಇನ್ನೂ ಸ್ಪಷ್ಟವಾದ ನಿದರ್ಶನ ಪರೋಕ್ಷ ಕಥನದ್ದು. ‘ಅವನು ಬರುತ್ತೇನೆ ಎಂದನು’ ಎಂಬುದರಲ್ಲಿ ಕನ್ನಡವು ‘ಎಂದು’ ಎಂಬ ಪದದ ಬಲದಿಂದ ಆಡಿದವನ ಮಾತನ್ನು ಅವನು ಆಡಿದಂತೆಯೇ, ಅವನ ಪುರುಷ ಮತ್ತು ಕಾಲಗಳೊಡನೆ ಉಳಿಸಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಪುರುಷವೂ ಬದಲಾಗಬೇಕು, ‘ವಿಲ್’ ಎಂಬುದು ‘ವುಡ್’ ಆಗಿ ಹಿಂದೆ ಸರಿಯಬೇಕು. ‘ಹೀ ಸೆಡ್ ದಟ್ ಐ ವಿಲ್ ಕಮ್’ ಎಂದು ಬರೆದ ವಿದ್ಯಾರ್ಥಿ ಆಲೋಚಿಸದೆ ಬರೆದವನಲ್ಲ. ಕನ್ನಡದ ನಿಯಮವನ್ನು ನಿಷ್ಠೆಯಿಂದ ಪಾಲಿಸಿದವನು. ಆದರೆ ಅವನ ಅರ್ಥ ಮಾತ್ರ ತಲೆಕೆಳಗಾಗಿ, ಬರಬೇಕಾದವನು ಬೇರೆಯೇ ಆಗಿಬಿಡುತ್ತಾನೆ.

ನಿಷೇಧ ರೂಪಗಳಲ್ಲಿಯೂ ಇಂತಹುದೇ ಅಂತರವಿದೆ. ‘ಬಾರೆನು’, ‘ಮಾಡೆನು’ ಎಂಬ ಹಳೆಯ ನಿಷೇಧಕ್ಕೆ ಕಾಲವೇ ಇರಲಿಲ್ಲ. ಮೂರು ಕಾಲಗಳಿಗೂ ಅದೊಂದೇ ರೂಪ ಸಾಲುತ್ತಿತ್ತು. ಹೊಸಗನ್ನಡದಲ್ಲಿ ‘ಬರಲಿಲ್ಲ’ ಎಂಬುದು ಭೂತಕ್ಕೆ, ‘ಬರುವುದಿಲ್ಲ’ ಎಂಬುದು ಉಳಿದೆರಡಕ್ಕೆ. ಇಂಗ್ಲಿಷು ‘ಡಸ್ ನಾಟ್’, ‘ವಿಲ್ ನಾಟ್’ ಎಂದು ಅಲ್ಲಿಯೂ ಬೇರ್ಪಡಿಸುತ್ತದೆ.

ಸ್ವಾರಸ್ಯದ ಸಂಗತಿಯೆಂದರೆ, ಆಧುನಿಕ ಭಾಷಾವಿಜ್ಞಾನ ಇಂಗ್ಲಿಷಿಗೂ ಮೂರು ಕಾಲಗಳಿಲ್ಲವೆಂದು ಹೇಳಿದೆ. ಡೆನ್ಮಾರ್ಕಿನ ವಿದ್ವಾಂಸ ಒಟ್ಟೊ ಯೆಸ್ಪರ್ಸನ್ 1924ರ ತನ್ನ ಗ್ರಂಥದಲ್ಲಿ ಇಂಗ್ಲಿಷಿಗೆ ನಿಜವಾದ ಭವಿಷ್ಯತ್ ಕಾಲರೂಪವಿಲ್ಲವೆಂದು ವಾದಿಸಿದನು. ಕ್ರಿಯಾಪದದ ರೂಪದಲ್ಲಿ ಕಾಣುವುದು ಭೂತ ಮತ್ತು ವರ್ತಮಾನ ಎಂಬ ಎರಡೇ. ಉಳಿದುದು ಸಹಾಯಕ ಕ್ರಿಯಾಪದಗಳ ಕೆಲಸ. ಮಂಡ್ಯದ ಆಡುಮಾತಿನಲ್ಲಿಯೂ ಭೂತ ಮತ್ತು ಭೂತವಲ್ಲದ್ದು ಎಂಬ ಎರಡೇ ಮುಖ್ಯ ಭೇದಗಳು. ಉಳಿದುದು ‘ಇರು’ವಿನ ಕೆಲಸ. ಎಂದರೆ, ಎರಡು ಭಾಷೆಗಳ ತಳಪಾಯ ಇಷ್ಟು ಹತ್ತಿರವಿರುವಾಗ, ಮೂರು ಮತ್ತು ಹನ್ನೆರಡರ ಕೋಷ್ಟಕಗಳು ಎರಡೂ ಕಡೆಯ ಸಾಮ್ಯವನ್ನು ಮರೆಮಾಡಿದವು. ‘ಬರುತ್ತಿದ್ದೇನೆ’, ‘ಬರುತ್ತಿದ್ದೆ’, ‘ಬಂದಿದ್ದೇನೆ’, ‘ಬಂದಿದ್ದೆ’ ಎಂಬ ನಾಲ್ಕು ರೂಪಗಳನ್ನು ಮೊದಲು ಕನ್ನಡದಲ್ಲಿ ಬಿಡಿಸಿ ತೋರಿಸಿದರೆ, ಇಂಗ್ಲಿಷಿನ ನಾಲ್ಕು ಮನೆಗಳು ಅಪರಿಚಿತವಾಗಿ ಉಳಿಯುವುದಿಲ್ಲ. ಆಮೇಲೆ ಕಲಿಸಬೇಕಾದದ್ದು ಎಲ್ಲಿ ಇವು ಬೇರೆಯಾಗುತ್ತವೆ ಎಂಬುದನ್ನು ಮಾತ್ರ.

7. ವ್ಯಾಕರಣವನ್ನು ಬದಿಗಿಟ್ಟ ದಶಕಗಳು

ಸ್ವಾತಂತ್ರ್ಯಾನಂತರ ಇಂಗ್ಲಿಷ್ ಬೋಧನೆಯ ವಿಧಾನ ಎರಡು ಸಲ ಬದಲಾಯಿತು. 1950ರ ದಶಕದಿಂದ ರಚನಾತ್ಮಕ ವಿಧಾನ ದಕ್ಷಿಣ ಭಾರತದಲ್ಲಿ ಹರಡಿತು. ನಿಯಮವನ್ನು ವಿವರಿಸುವ ಬದಲು ಆಯ್ದ ವಾಕ್ಯಮಾದರಿಗಳನ್ನು ಕ್ರಮವಾಗಿ, ಪುನರಾವರ್ತನೆಯಿಂದ ರೂಢಿಸುವುದು ಇದರ ತತ್ತ್ವ. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ, 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಸ್ಥಾಪಿತವಾಗಿ ಶಿಕ್ಷಕರಿಗೆ ಈ ವಿಧಾನದಲ್ಲಿ ತರಬೇತಿ ನೀಡಿದವು. ಈ ವಿಧಾನದಲ್ಲಿ ಮಾತೃಭಾಷೆಯನ್ನು ತರಗತಿಯಿಂದ ಆದಷ್ಟೂ ದೂರವಿರಿಸಬೇಕೆಂಬ ನಿಲುವು ಪ್ರಬಲವಾಗಿತ್ತು.

ಎರಡನೆಯ ತಿರುವು ಬೆಂಗಳೂರಿನಿಂದಲೇ ಹೊರಟು ಜಗತ್ತಿನ ಗಮನವನ್ನು ಸೆಳೆಯಿತು. ಎನ್.ಎಸ್. ಪ್ರಭು ಅವರ ಮುಂದಾಳತನದಲ್ಲಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ ಪ್ರಯೋಗ ‘ಬೆಂಗಳೂರು ಯೋಜನೆ’ ಎಂದು ಪ್ರಸಿದ್ಧವಾಗಿದೆ. ರೈಲು ವೇಳಾಪಟ್ಟಿಯನ್ನು ನೋಡಿ ಉತ್ತರಿಸುವುದು, ನಕ್ಷೆಯಲ್ಲಿ ದಾರಿ ಹುಡುಕುವುದು ಮುಂತಾದ ಕಾರ್ಯಗಳಲ್ಲಿ ಮಕ್ಕಳನ್ನು ತೊಡಗಿಸಿ, ವ್ಯಾಕರಣವನ್ನು ಪ್ರತ್ಯೇಕವಾಗಿ ಹೇಳಿಕೊಡದೆ, ಅರ್ಥದ ಮೇಲೆ ಗಮನವಿದ್ದಾಗ ವ್ಯಾಕರಣ ತಾನಾಗಿ ಮನಸ್ಸಿನಲ್ಲಿ ರೂಪುಗೊಳ್ಳುತ್ತದೆ ಎಂಬುದನ್ನು ಪರೀಕ್ಷಿಸುವುದು ಇದರ ಗುರಿ. 1987ರಲ್ಲಿ ಪ್ರಭು ಅವರ ಗ್ರಂಥ ಪ್ರಕಟವಾಯಿತು. ಕಾರ್ಯಾಧಾರಿತ ಬೋಧನೆಯ ಚರಿತ್ರೆಯಲ್ಲಿ ಅದಕ್ಕೆ ಮೂಲಗ್ರಂಥದ ಸ್ಥಾನವಿದೆ. ಈ ಎರಡು ವಿಧಾನಗಳೂ ಪರಸ್ಪರ ವಿರುದ್ಧವಾಗಿದ್ದರೂ ಒಂದು ವಿಷಯದಲ್ಲಿ ಒಂದಾಗಿದ್ದವು: ಕನ್ನಡ ವ್ಯಾಕರಣದ ತಿಳಿವಳಿಕೆಗೆ ಇಂಗ್ಲಿಷ್ ತರಗತಿಯಲ್ಲಿ ನಿಶ್ಚಿತ ಸ್ಥಾನ ಎರಡರಲ್ಲಿಯೂ ದೊರೆಯಲಿಲ್ಲ.

ಇದೇ ಕಾಲದಲ್ಲಿ ರಾಜ್ಯದ ಭಾಷಾನೀತಿ ಹಲವು ತಿರುವುಗಳನ್ನು ಕಂಡಿತು. 1981ರ ಗೋಕಾಕ್ ವರದಿ, 1982ರ ಚಳವಳಿ, ಕಿರಿಯ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡವನ್ನು ಮಾಧ್ಯಮವಾಗಿಸಿದ 1994ರ ಆದೇಶ, ಅದನ್ನು ಎತ್ತಿಹಿಡಿಯದ 2008ರ ಉಚ್ಚ ನ್ಯಾಯಾಲಯದ ಮತ್ತು 2014ರ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳು – ಇವು ಪರಿಚಿತ. ಐದನೆಯ ತರಗತಿಯಿಂದ ಆರಂಭವಾಗುತ್ತಿದ್ದ ಇಂಗ್ಲಿಷ್, 2007–08ರಲ್ಲಿ ಸರ್ಕಾರಿ ಶಾಲೆಗಳ ಒಂದನೆಯ ತರಗತಿಗೆ ಒಂದು ಭಾಷೆಯಾಗಿ ಬಂದಿತು. 2019–20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯುವ ನಿರ್ಧಾರ ಜಾರಿಗೆ ಬಂದಿತು. ಹೋಬಳಿ ಶಾಲೆಯ ಕಾಲದಲ್ಲಿ ಪಟ್ಟಣದಲ್ಲಿದ್ದ ಇಂಗ್ಲಿಷ್, ಹೀಗೆ ಹಳ್ಳಿಯ ಶಾಲೆಯ ಮೊದಲ ಬೆಂಚಿಗೇ ಬಂದು ತಲುಪಿತು. ಬಾಗಿಲು ಹತ್ತಿರವಾಯಿತು. ಹೊಸ್ತಿಲು ಮಾತ್ರ ಮರ‍್ರೆ, ನೆಸ್‌ಫೀಲ್ಡರ ಕಾಲದ ಎತ್ತರದಲ್ಲಿಯೇ ಉಳಿಯಿತು.

8. ಉಪಸಂಹಾರ

ಮಂಡ್ಯ ಜಿಲ್ಲೆಯು ಇಂಗ್ಲಿಷನ್ನು ಬೋಧಿಸಿ ಕನ್ನಡವನ್ನು ಕಟ್ಟಿದ ಇಬ್ಬರು ಅಧ್ಯಾಪಕರನ್ನು ನಾಡಿಗೆ ಕೊಟ್ಟಿದೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದ ಬಿ.ಎಂ. ಶ್ರೀಕಂಠಯ್ಯನವರು ಒಬ್ಬರು, ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು ಇನ್ನೊಬ್ಬರು. ಇಂಗ್ಲಿಷ್ ಕಾವ್ಯದ ಲಯವನ್ನು ಕನ್ನಡಕ್ಕೆ ಒಗ್ಗಿಸಿದ್ದು, ಇಂಗ್ಲಿಷ್ ಪ್ರಬಂಧದ ಸರಳತೆಯನ್ನು ಕನ್ನಡ ಗದ್ಯಕ್ಕೆ ತಂದದ್ದು – ಇವರ ಸಾಧನೆ ಎರಡು ಭಾಷೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದ್ದರ ಫಲ. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವ ಆ ದಾರಿಯಲ್ಲಿ ಸಾಹಿತ್ಯ ಸಮೃದ್ಧವಾಯಿತು. ಕನ್ನಡದಿಂದ ಇಂಗ್ಲಿಷಿಗೆ ಹೋಗುವ ಶಾಲೆಯ ದಾರಿಯಲ್ಲಿ ಅಂತಹ ಕೆಲಸ ಅಷ್ಟು ವ್ಯಾಪಕವಾಗಿ ನಡೆಯಲಿಲ್ಲ.

ಈ ಚಾರಿತ್ರಿಕ ಪರಿಶೀಲನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಕರ್ನಾಟಕದ ಶಾಲೆಗಳಲ್ಲಿ ಪ್ರಧಾನವಾಗಿ ಬಳಕೆಯಾದ ಇಂಗ್ಲಿಷ್ ವ್ಯಾಕರಣಗಳು ಕನ್ನಡ ವಿದ್ಯಾರ್ಥಿಯನ್ನು ಕುರಿತು ರಚಿತವಾದವುಗಳಲ್ಲ. ಎರಡನೆಯದು, ಎರಡು ಭಾಷೆಗಳ ತುಲನೆಗೆ ಬೇಕಾದ ಸಾಮಗ್ರಿ ಹಾಡ್ಸನ್, ಕಿಟ್ಟೆಲ್, ಸ್ಪೆನ್ಸರ್ ಮೊದಲಾದವರ ಗ್ರಂಥಗಳಲ್ಲಿ ಒಂದು ಶತಮಾನಕ್ಕೂ ಹಿಂದೆಯೇ ಸಿದ್ಧವಾಗಿದ್ದು, ಅದನ್ನು ತಿರುವುಮುರುವಾಗಿ ಬಳಸಿಕೊಳ್ಳುವ ಕೆಲಸ ಉಳಿದಿದೆ. ಮೂರನೆಯದು, ಕನ್ನಡದ ವ್ಯಾಕರಣವೇ ಕನ್ನಡದ ನುಡಿಗೆ ಹೊಂದುವಂತಾಗದೆ ಇಂಗ್ಲಿಷಿನ ತುಲನೆ ಫಲಿಸಲಾರದು. ಕೃಷ್ಣಮಾಚಾರ್ಯರಿಂದ ಶಂಕರ ಭಟ್ಟರವರೆಗಿನ ಚಿಂತನೆ ಈ ದಿಕ್ಕನ್ನು ತೋರಿಸಿದೆ.

ತುಲನೆಯ ಬೋಧನೆಯೆಂದರೆ ಇಂಗ್ಲಿಷಿನ ಪ್ರತಿಯೊಂದು ವಾಕ್ಯವನ್ನೂ ಕನ್ನಡಕ್ಕೆ ಅನುವಾದಿಸಿ ಹೇಳುವ ಹಳೆಯ ಪದ್ಧತಿಗೆ ಮರಳುವುದಲ್ಲ. ಪ್ರಭು ಅವರ ಪ್ರಯೋಗ ತೋರಿಸಿಕೊಟ್ಟ ಅರ್ಥಪ್ರಧಾನ ಕಲಿಕೆಯನ್ನು ತೊರೆಯುವುದೂ ಅಲ್ಲ. ಮಗು ಎಡವುವ ಕೆಲವೇ ಸ್ಥಳಗಳಲ್ಲಿ – ‘ಬಂದಿದ್ದೆ’ ಎಂಬಲ್ಲಿ, ‘ಎಂದನು’ ಎಂಬಲ್ಲಿ, ‘ಆದ’, ‘ಎಂಬ’ಗಳು ಅಲ್ಪವಿರಾಮವಾಗಿ ಮಾರ್ಪಡುವಲ್ಲಿ – ಶಿಕ್ಷಕನು ಎರಡು ಭಾಷೆಗಳನ್ನೂ ಕರಿಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು ತೋರಿಸುವುದಷ್ಟೇ ಇದರ ಅರ್ಥ. ಅದಕ್ಕೆ ಬೇಕಾದುದು ಹೊಸ ಯಂತ್ರಗಳಲ್ಲ. ಕನ್ನಡ ಶಿಕ್ಷಕನೂ ಇಂಗ್ಲಿಷ್ ಶಿಕ್ಷಕನೂ ಒಂದೇ ಪರಿಭಾಷೆಯನ್ನು ಬಳಸುವ ಒಂದು ಕಿರುಹೊತ್ತಗೆ, ಮತ್ತು ಅದನ್ನು ಆಧರಿಸಿದ ತರಬೇತಿ. ವಿಶ್ವವಿದ್ಯಾಲಯಗಳ ಕನ್ನಡ ಮತ್ತು ಇಂಗ್ಲಿಷ್ ಅಧ್ಯಯನ ವಿಭಾಗಗಳು ಜೊತೆಗೂಡಿ ಮಾಡಬಹುದಾದ ಕೆಲಸವಿದು.

ಇದರಲ್ಲಿ ಅಡಗಿರುವುದು ಭಾಷೆಯ ಶುದ್ಧಿಯ ಪ್ರಶ್ನೆ ಮಾತ್ರವಲ್ಲ. ನಗರದ ಶಿಕ್ಷಿತ ಮನೆಯ ಮಗುವಿಗೆ ವ್ಯಾಕರಣವನ್ನು ಶಾಲೆ ಹೇಳಿಕೊಡದಿದ್ದರೂ ಮನೆಯ ಮಾತು, ಪುಸ್ತಕ, ಪರಿಸರಗಳು ಹೇಳಿಕೊಡುತ್ತವೆ. ಹಾಲಿನ ಡೇರಿಗೂ ಗದ್ದೆಗೂ ನಡುವೆ ಬದುಕು ಸಾಗಿಸುವ ಮನೆಯ ಮಗುವಿಗೆ ಶಾಲೆಯೊಂದೇ ಆಧಾರ. ಅಂತಹ ಮಗು ಬರೆದ ತಪ್ಪು ವಾಕ್ಯಕ್ಕೆ ಕೆಂಪು ಗೀಟು ಎಳೆದು ಬಿಟ್ಟರೆ ಅದು ತನ್ನ ಬುದ್ಧಿಯನ್ನೇ ಅನುಮಾನಿಸುತ್ತದೆ. ಆ ತಪ್ಪಿನ ಹಿಂದೆ ಕೇಶಿರಾಜನ ಕಾಲದಿಂದ ಬೆಳೆದು ಬಂದ ಒಂದು ಭಾಷೆಯ ನಿಯಮವಿದೆ ಎಂದು ತಿಳಿಸಿಕೊಟ್ಟರೆ, ಅದು ಎರಡು ಭಾಷೆಗಳನ್ನೂ ಒಟ್ಟಿಗೆ ಕಲಿಯುತ್ತದೆ. ಕನ್ನಡ ವ್ಯಾಕರಣದ ಅಧ್ಯಯನಕ್ಕೆ ಇಂದಿನ ಗ್ರಾಮೀಣ ಶಿಕ್ಷಣದಲ್ಲಿ ಇರುವ ಪ್ರಯೋಜನವೇನು ಎಂದು ಕೇಳುವವರಿಗೆ ಕೊಡಬಹುದಾದ ಉತ್ತರಗಳಲ್ಲಿ ಇದು ಒಂದು.